ಹೊಲಿಗೆ ಬಿಚ್ಚುವವರೆಗೆ ಹೊಳೆ ಬೇಡ

ಬೇಸಿಗೆ ರಜ ಬಂತೆಂದರೆ ತುಂಗೆಯ ದಡದ ನಮ್ಮಂಥ ಊರುಗಳಲ್ಲಿ ಮಕ್ಕಳನ್ನು ಮನೆಯೊಳಗೆ ಹಿಡಿದಿಡುವುದು ಯಾರಿಂದಲೂ ಆಗದ ಕೆಲಸ. ತಿಂಡಿ ತಿಂದು ಹೊಳೆಗೆ ಹೊರಟರೆ ಹೊಟ್ಟೆ ಹಸಿದಾಗಲೇ ವಾಪಸು. ನಿಮ್ಮ ಮನೆಯಲ್ಲೂ ಇದೇ ಕಥೆ ತಾನೇ?

ಹೋದ ಬೇಸಿಗೆಯಲ್ಲಿ ನಮ್ಮ ಚಿಕ್ಕವನು ಸೈಕಲ್ಲಿನಿಂದ ಬಿದ್ದು ಮೊಣಕಾಲಿನ ಕೆಳಗೆ ಸೀಳಿಕೊಂಡ. ಐದು ಹೊಲಿಗೆ, ಧನುರ್ವಾಯು ಬಾರದಂತೆ ಒಂದು ಇಂಜೆಕ್ಷನ್. "ಎರಡು ದಿನ ನೀರು ತಾಗಿಸಬೇಡಿ. ಹೊಲಿಗೆ ಬಿಚ್ಚುವವರೆಗೆ ಈಜಾಟ ಬೇಡವೇ ಬೇಡ" ಎಂದು ಡಾಕ್ಟರು ಹೇಳಿ ಕಳಿಸಿದರು.

ಆರು ದಿನ ಹೇಗೋ ಕಳೆಯಿತು. ಏಳನೆಯ ದಿನ ನಮ್ಮಣ್ಣನ ಮಕ್ಕಳು ಬಂದಿಳಿದರು. "ಅಮ್ಮಾ, ಒಂದೇ ಒಂದು ಮುಳುಗು ಹಾಕಿ ಬರ್ತೀನಿ" ಅಂತ ಇವನ ಗೋಳು. ನೋವಿರಲಿಲ್ಲ, ಗಾಯವೂ ಕೂಡಿದ ಹಾಗೆ ಕಾಣುತ್ತಿತ್ತು. ಕಾಲಿಗೆ ಪ್ಲಾಸ್ಟಿಕ್ ಕವರು ಸುತ್ತಿ, ದಾರ ಬಿಗಿದು ನಾನೇ ಕಳಿಸಿದೆ. ಯಜಮಾನರಿಗೂ ಹೇಳಲಿಲ್ಲ.

ಬಂದಾಗ ಕವರಿನ ತುಂಬ ಹೊಳೆನೀರು! ಒರೆಸಿ ಬೇರೆ ಪಟ್ಟಿ ಕಟ್ಟಿದೆ. ಮೂರನೆಯ ದಿನ ಜ್ವರ, ಕಾಲು ಕೆಂಪಗೆ ಊದಿ ಕೀವು. ಡಾಕ್ಟರು ಎರಡು ಹೊಲಿಗೆ ಬಿಚ್ಚಿ ಕೀವು ತೆಗೆಯುವಾಗ ಅವನು ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಹೊಳೆಗೆ ಕಳಿಸಿದ್ದು ಯಾರು?" ಎಂದು ಗದರಿದರೆ, ಮಗ ನನ್ನ ಮುಖ ನೋಡಿ, "ನಾನೇ ಹೇಳದೆ ಹೋಗಿದ್ದೆ" ಅಂದುಬಿಟ್ಟ. ನನಗೆ ತಡೆಯಲಾಗಲಿಲ್ಲ. "ಇಲ್ಲ ಡಾಕ್ಟರೇ, ಕಳಿಸಿದವಳು ನಾನು" ಎಂದೆ. ಎರಡು ವಾರದಲ್ಲಿ ಮುಗಿಯಬೇಕಾದದ್ದು ಒಂದೂವರೆ ತಿಂಗಳು ಹಿಡಿಯಿತು.

ಆಮೇಲೆ ಅವರು ಸಮಾಧಾನವಾಗಿ ತಿಳಿಸಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ದಾರ ಚರ್ಮದ ಎರಡು ಅಂಚನ್ನು ಹಿಡಿದಿಡುತ್ತದೆ ಅಷ್ಟೇ. ಗಾಯ ಒಳಗಿನಿಂದ ನಿಧಾನವಾಗಿ ಕೂಡಬೇಕು. ನೀರಲ್ಲಿ ನೆನೆದರೆ ಚರ್ಮ ಮೆತ್ತಗಾಗುತ್ತದೆ, ಕ್ರಿಮಿಗಳಿಗೆ ದಾರಿಯಾಗುತ್ತದೆ. ದನ ತೊಳೆಯುವ, ಬಟ್ಟೆ ಒಗೆಯುವ ನೀರಿನ ಬಗ್ಗೆ ಹೇಳುವುದೇ ಬೇಡ. ಈಜುಕೊಳಕ್ಕೆ ಕ್ಲೋರಿನ್ ಹಾಕಿರುತ್ತಾರೆಂಬ ಧೈರ್ಯವೂ ಬೇಡ. ಕೈಕಾಲು ಬಡಿಯುವಾಗ ಹೊಲಿಗೆ ಎಳೆದು ಬಿಡುವುದೂ ಉಂಟು.

ಹಾಗಾದರೆ ಸ್ನಾನ? ಮೊದಲ ಎರಡು ದಿನ ಗಾಯ ಒಣಗಿರಲಿ, ಉಳಿದ ಮೈ ಒರೆಸಿದರೆ ಸಾಕು. ಆಮೇಲೆ ಡಾಕ್ಟರು ಒಪ್ಪಿದರೆ ಚೊಂಬಿನಿಂದ ಶುದ್ಧ ನೀರು ಮೆಲ್ಲಗೆ ಹೊಯ್ಯಬಹುದು; ನೆನೆಸಿಡಬಾರದು, ಉಜ್ಜಬಾರದು. ಒಗೆದು ಒಣಗಿಸಿದ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಗಾಯ ಮುಟ್ಟುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಪಟ್ಟಿ ಒದ್ದೆಯಾದರೆ ಕೂಡಲೇ ಬದಲಿಸಿ. ಹತ್ತಿಯನ್ನು ನೇರವಾಗಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಅರಿಸಿನ, ಕಾಫಿಪುಡಿ ಮೆತ್ತುವ ಮನೆಮದ್ದು ಹೊಲಿಗೆಯ ಮೇಲೆ ಖಂಡಿತ ಬೇಡ.

ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ 3ರಿಂದ 5 ದಿನಕ್ಕೆ, ತಲೆಯದ್ದನ್ನು 7ರಿಂದ 10 ದಿನಕ್ಕೆ, ಕಾಲಿನದನ್ನು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಬಿಚ್ಚಿದ ಗಳಿಗೆಯಲ್ಲೇ ನೀರಿಗೆ ಹಾರುವುದಲ್ಲ. ಯಾವಾಗ ಈಜಬಹುದೆಂದು ಕೇಳಿಕೊಂಡೇ ಬನ್ನಿ. ಕರಗುವ ದಾರವಾದರೂ ಇದೇ ಮಾತು. ಸಕ್ಕರೆ ಕಾಯಿಲೆಯವರಿಗೆ ಗಾಯ ಮಾಯುವುದು ಇನ್ನೂ ತಡ.

ಗಾಯದ ಸುತ್ತ ಕೆಂಪು ಹರಡಿದರೆ, ಬಿಸಿಯಾಗಿ ಊದಿದರೆ, ನೋವು ದಿನದಿನಕ್ಕೆ ಹೆಚ್ಚಿದರೆ, ಕೀವು ಅಥವಾ ಜ್ವರ ಬಂದರೆ, ಹೊಲಿಗೆ ಬಿಟ್ಟುಕೊಂಡರೆ ನಾಳೆ ನೋಡೋಣ ಅನ್ನಬೇಡಿ. ಆವತ್ತೇ ಆಸ್ಪತ್ರೆಗೆ ಹೋಗಿ.

ನಮ್ಮತ್ತೆಯವರು ನಂಜೆಂದು ಬದನೆಕಾಯಿ, ಕುಂಬಳಕಾಯಿ ಎಲ್ಲ ಬಿಡಿಸಿದ್ದರು. ಡಾಕ್ಟರು ನಕ್ಕು, "ನಂಜಾದದ್ದು ಬದನೆಕಾಯಿಂದಲ್ಲ ತಾಯಿ, ಹೊಳೆನೀರಿಂದ. ಬೇಳೆ, ಮೊಳಕೆಕಾಳು, ಹಾಲು, ನೆಲ್ಲಿಕಾಯಿ ಚೆನ್ನಾಗಿ ಕೊಡಿ" ಎಂದರು.

ಈ ರಜದಲ್ಲಿ ಮಗ ಹೊಳೆಗಿಳಿದಿದ್ದಾನೆ. ಕಾಲಿನ ಕಲೆ ಮಾತ್ರ ಹಾಗೇ ಇದೆ. ನಿಮ್ಮ ಮಗು ಹೀಗೆ ಗೋಗರೆದರೆ ಮನಸ್ಸು ಗಟ್ಟಿಮಾಡಿಕೊಳ್ಳಿ. ಹದಿನೈದು ದಿನಕ್ಕೆ ಹೊಳೆ ಎಲ್ಲಿಗೂ ಓಡಿಹೋಗುವುದಿಲ್ಲ.