ಮನೆಯ ಮರ್ಯಾದೆ ಮತ್ತು ಮಗುವಿನ ಗಾಯ

ಮೈಮೇಲಾದ ಗಾಯಕ್ಕೆ ಔಷಧಿ ಹಚ್ಚಲು ನಾವು ಅವಸರಪಡುತ್ತೇವೆ. ಮನಸ್ಸಿಗಾದ ಗಾಯವನ್ನು, ಅದರಲ್ಲೂ ಮನೆಯವರಿಂದಲೇ ಆದ ಗಾಯವನ್ನು, ಮುಚ್ಚಿಡುವುದೇ ಮರ್ಯಾದೆಯೆಂದು ಭಾವಿಸುತ್ತೇವೆ. ಈ ಭಾವನೆಯಿಂದಾಗಿ ಎಷ್ಟೋ ಜೀವಗಳು ಒಳಗೊಳಗೇ ಬೇಯುತ್ತಿರುವುದನ್ನು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು; ತುಂಗಭದ್ರೆಯ ದಂಡೆಯ ಹರಿಹರ ಕಿರ್ಲೋಸ್ಕರ್ ಕಾರ್ಖಾನೆಯ ಊರು. ಗಿರಣಿಗಳು ಒಂದೊಂದಾಗಿ ನಿಂತು, 2000ದ ಆಸುಪಾಸಿನಲ್ಲಿ ಕಾರ್ಖಾನೆಯೂ ಬಾಗಿಲು ಮುಚ್ಚಿದಾಗ, ಸಂಬಳ ನಿಂತದ್ದನ್ನು ಊರೆಲ್ಲ ಕಂಡಿತು. ಕೆಲಸ ಕಳೆದುಕೊಂಡ ಬಹುಪಾಲು ತಂದೆಯರು ಸಿಕ್ಕ ಕಾಯಕ ಮಾಡಿ ಮಕ್ಕಳನ್ನು ಓದಿಸಿದರು. ಆದರೆ ಕೆಲವು ಮನೆಗಳಲ್ಲಿ ಹತಾಶೆ ಕುಡಿತವಾಗಿ, ಕುಡಿತ ಹೊಡೆತವಾಗಿ ಮಕ್ಕಳ ಮೇಲೆ ಇಳಿಯಿತು. ಅದನ್ನು ಊರು ಕಾಣಲಿಲ್ಲ. ಇದು ಕಷ್ಟದ ಮನೆಗಳ ಕಥೆ ಮಾತ್ರವೂ ಅಲ್ಲ. ಅನುಕೂಲಸ್ಥರ ಮನೆಗಳಲ್ಲೂ ನಿತ್ಯದ ಹೀಯಾಳಿಕೆ, ಬಂಧುವೊಬ್ಬನ ಕೆಟ್ಟ ನಡತೆ ಬಾಯಿಬಿಡದ ಗುಟ್ಟಾಗಿ ಉಳಿದದ್ದುಂಟು.

ಆ ಮಕ್ಕಳು ಇಂದು ಸ್ವತಃ ತಾಯಿತಂದೆಯರು. ಬಾಗಿಲು ಬಡಿದ ಸದ್ದಿಗೆ ಬೆಚ್ಚುವುದು, ನಿದ್ದೆ ಬಾರದಿರುವುದು, ತಾನು ಯಾವುದಕ್ಕೂ ಯೋಗ್ಯನಲ್ಲವೆಂಬ ನಾಚಿಕೆ, ಸಣ್ಣ ಮಾತಿಗೆ ಉಕ್ಕುವ ಸಿಟ್ಟು, ಯಾರನ್ನೂ ನಂಬಲಾಗದ ಅಂಜಿಕೆ ಅವರಲ್ಲಿ ಅನೇಕರನ್ನು ಬಿಟ್ಟಿಲ್ಲ. ಇದನ್ನು ಸ್ವಭಾವದೋಷವೆಂದು ಜರೆಯುವುದು ತಪ್ಪು. ದೀರ್ಘಕಾಲದ ಹಿಂಸೆಯಿಂದ ಹುಟ್ಟುವ ಇಂಥ ಬೇನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಪ್ರತ್ಯೇಕವಾಗಿಯೇ ಸೇರಿಸಿದೆ.

ಇದಕ್ಕೆ ಚಿಕಿತ್ಸೆಯುಂಟು. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಅದರ ಮೂರು ಹಂತಗಳನ್ನು ವಿವರಿಸಿದರು. ಮೊದಲನೆಯದು ಅಭಯ: ಹಿಂಸೆ ನಿಲ್ಲಬೇಕು, ನಿದ್ದೆ ಊಟ ನೆಲೆಗೊಳ್ಳಬೇಕು, ಭಯ ಉಕ್ಕಿದಾಗ ತಾನಿರುವುದು ಇಂದಿನ ದಿನದಲ್ಲಿ ಎಂದು ಮನಸ್ಸಿಗೆ ತಿಳಿಹೇಳುವ ಅಭ್ಯಾಸವಾಗಬೇಕು. ಎರಡನೆಯದು, ನುರಿತವರ ಎದುರು ಹಳೆಯದನ್ನು ಅಳತೆಯಿಂದ ಹೇಳಿಕೊಂಡು, ಕಳೆದುಹೋದ ಬಾಲ್ಯಕ್ಕಾಗಿ ಅತ್ತು ಹಗುರಾಗುವುದು. ಮೂರನೆಯದು ಮರಳಿ ಬಾಳಿನಲ್ಲಿ, ಬಳಗದಲ್ಲಿ ಬೆರೆಯುವುದು. ಮೊದಲ ಹಂತ ಗಟ್ಟಿಯಾಗದೆ ಎರಡನೆಯದಕ್ಕೆ ಕೈಹಾಕಿದರೆ ಗಾಯ ಕೆದಕಿದಂತಾದೀತು. ಆದುದರಿಂದ ಬಂಧುಗಳು ಒತ್ತಾಯಿಸಿ ಕೇಳುವುದು ಸಲ್ಲದು.

ಪೂಜೆ, ಧ್ಯಾನ ಸಾಲದೇ ಎಂದು ಕೆಲವರು ಕೇಳುತ್ತಾರೆ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕೂರುವ ಅಭ್ಯಾಸ ಅಲೆಯುವ ಮನಸ್ಸಿಗೆ ನೆಲೆ ಕೊಟ್ಟೀತು. ಆದರೆ ನೊಂದ ಕೆಲವರಿಗೆ ಕಣ್ಣು ಮುಚ್ಚಿದೊಡನೆ ಹಳೆಯ ದೃಶ್ಯಗಳೇ ಎದುರಾಗುತ್ತವೆ. ಅಂಥವರನ್ನು ಧ್ಯಾನಕ್ಕೆ ಬಲವಂತಪಡಿಸಬಾರದು. ಪೂಜೆ ಚಿಕಿತ್ಸೆಯ ಜೊತೆಗಾರ, ಬದಲಿಯಲ್ಲ.

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಹೊರಗೆ ಹೋಗಲು ಸಂಕೋಚವಿದ್ದವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಿದೆ: 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇಂದು ನೋಯುತ್ತಿರುವ ಮಗುವಿಗಾಗಿ 1098 ಇದೆ.

ಆದರೆ ಚಿಕಿತ್ಸೆಯ ಬಾಗಿಲು ತೆರೆಯುವುದೂ ಮುಚ್ಚುವುದೂ ಬಹುಮಟ್ಟಿಗೆ ಮನೆಯವರ ಮೊದಲ ಮಾತು. ಮಗಳೊಬ್ಬಳು ಇಪ್ಪತ್ತು ವರ್ಷಗಳ ಬಳಿಕ ಬಾಯಿ ತೆರೆದಾಗ, ‘ಹಿರಿಯರ ಬಗ್ಗೆ ಹಾಗನ್ನಬಾರದವ್ವ, ಈಗ್ಯಾಕೆ ಅದೆಲ್ಲ?’ ಎಂದರೆ ಆಕೆ ಮತ್ತೆಂದೂ ಮಾತಾಡಲಾರಳು. ‘ನಿನ್ನ ಮಾತು ನಂಬುತ್ತೇನೆ, ನಿನ್ನ ತಪ್ಪೇನಿಲ್ಲ’ ಎಂಬಷ್ಟೇ ಸಾಕು. ನೊಂದವರು ಕ್ಷಮಿಸಲೇಬೇಕೆಂದು ವಿಧಿಸುವ ಹಕ್ಕೂ ನಮಗಿಲ್ಲ. ಕ್ಷಮೆ ಅವರ ಸ್ವಂತ ನಿರ್ಧಾರ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡಿದ ತಾಣಕ್ಕೆ ಅನುಭವ ಮಂಟಪವೆಂಬ ಹೆಸರು ಬಂದಿದೆ. ಸಮಾಜ ಬಾಯಿಮುಚ್ಚಿಸಿದ್ದವರ ಅನುಭವಕ್ಕೆ ಅಲ್ಲಿ ಕಿವಿಗೊಟ್ಟರು ಎಂಬುದೇ ನಮ್ಮ ಪರಂಪರೆಯ ಹೆಮ್ಮೆ. ಆ ಹೆಮ್ಮೆ ವೇದಿಕೆಯ ಭಾಷಣಕ್ಕೆ ಮುಗಿಯದೆ ನಮ್ಮ ಪಡಸಾಲೆಗೂ ಬರಲಿ. ಮಗುವಿನ ಮಾತಿಗೆ ಅಂಜುವ ಮರ್ಯಾದೆ ಮನೆಯನ್ನು ಕಾಯಲಾರದು.