ಡಬ್ಬಿಯಲ್ಲಿ ಇಲ್ಲದ ಗ್ಯಾಸ್

ನಮ್ಮ ತರಗತಿಯ ನಾಲ್ವರು ದುಡ್ಡು ಕೂಡಿಸಿ ಜಿಮ್ ಪೌಡರ್ ತಂದಿದ್ದಾರೆ. ಡಬ್ಬಿಯ ಮೇಲೆ ದೊಡ್ಡದಾಗಿ ‘ನೈಟ್ರಿಕ್ ಆಕ್ಸೈಡ್’ ಎಂದಿದೆ. ನಾನು ಕಾಮರ್ಸ್ ಓದುವವನು. ಆದರೆ ಸರಕು ಏನೆಂದು ತಿಳಿಯದೆ ದುಡ್ಡು ಕೊಡಬಾರದು ಎನ್ನುವುದು ನಮ್ಮದೇ ಪಾಠ ಅಲ್ಲವೇ? ವಿಜ್ಞಾನ ವಿಭಾಗದ ಗೆಳೆಯನನ್ನು ಹಿಡಿದು ಕೇಳಿದೆ.

ನೈಟ್ರಿಕ್ ಆಕ್ಸೈಡ್ ಒಂದು ಅನಿಲ. ರಕ್ತನಾಳದ ಒಳಪದರವೇ ಅದನ್ನು ತಯಾರಿಸುತ್ತದೆ. ಅದು ನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ, ನಾಳ ಅಗಲವಾಗುತ್ತದೆ, ರಕ್ತದ ಒತ್ತಡ ಇಳಿಯುತ್ತದೆ. ಈ ಕೆಲಸವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವು ಬಂದಾಗ ನಮ್ಮ ದಾದಾ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯಿಂದ ಹೊರಬರುವುದೂ ಇದೇ ಅನಿಲವಂತೆ!

ಆದರೆ ಇದು ದೇಹದಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಡಬ್ಬಿಗೆ ತುಂಬಿ ಮಾರಲು ಆಗುವುದಿಲ್ಲ. ಅಂಥ ಪೌಡರಿನಲ್ಲಿ ಸಾಮಾನ್ಯವಾಗಿ ಇರುವುದು ಅರ್ಜಿನೈನ್, ಸಿಟ್ರುಲಿನ್ ಎಂಬ ಅಮೈನೊ ಆಮ್ಲಗಳು. ಅರ್ಜಿನೈನ್ ಬೇಳೆ, ಕಡಲೆಕಾಯಿ, ಮಾಂಸದಲ್ಲೂ ಇದೆ. ಪಾಲಕ್, ಬೀಟ್‌ರೂಟ್‌ನಲ್ಲಿರುವ ನೈಟ್ರೇಟಿನಿಂದಲೂ ದೇಹ ಈ ಅನಿಲ ಮಾಡಿಕೊಳ್ಳುತ್ತದೆ. ಕ್ಯಾಂಟೀನಿನಲ್ಲಿ ಬೀಟ್‌ರೂಟ್ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುವವರೂ ಇದೇ ನಾಲ್ವರು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಸಿಗರೇಟಿನ ಹೊಗೆ ಆ ಒಳಪದರವನ್ನೇ ಕೆಡಿಸಿ ಅನಿಲದ ತಯಾರಿಕೆಯನ್ನು ತಗ್ಗಿಸುತ್ತದೆ. ಗೇಟಿನ ಆಚೆ ಸೇದಿ ಬಂದು ಪೌಡರ್ ಕುಡಿದರೆ, ಲಾಭ-ನಷ್ಟದ ಖಾತೆಯಲ್ಲಿ ಅದನ್ನು ಯಾವ ಬದಿಗೆ ಬರೆಯೋಣ? ನಮ್ಮ ದಾದಾ ಮೂವತ್ತು ವರ್ಷ ಬೀಡಿ ಸೇದಿದರು. ಈಗ ಜೇಬಿನಲ್ಲಿ ಆ ಮಾತ್ರೆ ಇಲ್ಲದೆ ಮಸೀದಿಗೂ ಹೊರಡುವುದಿಲ್ಲ.