ಆಕ್ಸಿಜನ್ ಹಾಸಿಗೆ ಸಾಲದು, ಅಮ್ಮನನ್ನೂ ಒಳಗೆ ಬಿಡಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಯ ನಿವಾಸಿಗಳು, ವೈದ್ಯರು ಮತ್ತು ಅಧಿಕಾರಿಗಳಿಗೆ ಸ್ನಾಯುರೋಗಿಗಳ ಮನೆಯವರ ಮನವಿ



2021ರ ಮಾರ್ಚ್ 1ರಂದು ಕೋವಿಡ್ ಲಸಿಕೆ ಜನಸಾಮಾನ್ಯರಿಗೆ ಸಿಗತೊಡಗಿತು. 60 ದಾಟಿದವರಿಗೆಲ್ಲ ಲಸಿಕೆ; ಕೇಂದ್ರ ಸರ್ಕಾರ ಪಟ್ಟಿ ಮಾಡಿದ 20 ಬಗೆಯ ಕಾಯಿಲೆಗಳಲ್ಲಿ ಒಂದಿದ್ದರೆ 45ಕ್ಕೇ ಲಸಿಕೆ. ಆ ಪಟ್ಟಿಯ ಕೊನೆಯ ಸಾಲಿನಲ್ಲಿ ಸ್ನಾಯುಗಳು ಸೋಲುತ್ತಾ ಹೋಗುವ ಮಸ್ಕ್ಯುಲರ್ ಡಿಸ್ಟ್ರೋಫಿಯ ಹೆಸರೂ ಇತ್ತು. ಆದರೆ ಈ ಡಿಸ್ಟ್ರೋಫಿಗಳ ಪೈಕಿ ಮಕ್ಕಳನ್ನು ಹೆಚ್ಚಾಗಿ ಹಿಡಿಯುವ ಡುಷೆನ್ ಬಗೆಯಲ್ಲಿ ಗಂಡುಮಕ್ಕಳ ನಡಿಗೆ 10-12ರ ಹೊತ್ತಿಗೆ ನಿಲ್ಲುತ್ತದೆ. ಹದಿಹರೆಯ ಕಳೆಯುವಷ್ಟರಲ್ಲಿ ಅನೇಕರಿಗೆ ರಾತ್ರಿ ಉಸಿರಾಡಲು ಯಂತ್ರ ಬೇಕಾಗುತ್ತದೆ. 45 ಕಾಣುವವರು ತೀರಾ ಅಪರೂಪ. ಕಾಯಿಲೆಯ ಹೆಸರು ಬರೆದವರು ಅದು ಯಾವ ವಯಸ್ಸಿನವರನ್ನು ಕಾಡುತ್ತದೆ ಎಂದು ನೋಡಲಿಲ್ಲ. 18 ತುಂಬಿದವರಿಗೆ ಲಸಿಕೆ ಎಂದದ್ದು ಮೇ 1ಕ್ಕೆ, ಬೆಂಗಳೂರು ಎರಡನೇ ಅಲೆಯಲ್ಲಿ ಮುಳುಗಿದ್ದಾಗ. ಅಂಗವಿಕಲರಿಗೆ ಮನೆಗೇ ಹೋಗಿ ಲಸಿಕೆ ಹಾಕಬಹುದು ಎಂದು ಒಪ್ಪಿದ್ದು ಸೆಪ್ಟೆಂಬರ್ 23ಕ್ಕೆ, ಅಲೆ ಇಳಿದ ಮೇಲೆ. 15 ತುಂಬಿದ ಮಕ್ಕಳು 2022ರ ಜನವರಿ 3ರವರೆಗೆ, 12 ತುಂಬಿದವರು ಮಾರ್ಚ್ 16ರವರೆಗೆ ಕಾದರು.

ನಮ್ಮ ಮಕ್ಕಳ ಹೆಸರು ಕಾಗದದಲ್ಲಿ ಇತ್ತು, ಆದರೂ ಅವರ ಪಾಲಿಗೆ ಏನೂ ಬರಲಿಲ್ಲ. ಮುಂದಿನ ಸಾಂಕ್ರಾಮಿಕದಲ್ಲಿ ಹೀಗಾಗಬಾರದು ಎಂದರೆ ಏರ್ಪಾಡು ಈಗಲೇ ಆಗಬೇಕು. ಸ್ನಾಯುರೋಗವಿರುವವರು ಯಾವ ಮನೆಯಲ್ಲಿದ್ದಾರೆ ಎಂಬುದು ವಾರ್ಡ್ ಕಚೇರಿಗೆ ಗೊತ್ತಿರಬೇಕು. ಅವರು ಆಸ್ಪತ್ರೆಗೆ ಬಂದ ದಿನ ಅವರ ಉಸಿರಾಟದ ಯಂತ್ರವನ್ನೂ ನೋಡಿಕೊಳ್ಳುವವರನ್ನೂ ಜೊತೆಯಲ್ಲೇ ಒಳಗೆ ಬಿಡಬೇಕು.

ಡುಷೆನ್, ಎಸ್‌ಎಂಎ, ಎಎಲ್‌ಎಸ್, ಮಯಸ್ತೇನಿಯಾ ಗ್ರೇವಿಸ್: ಹೆಸರು ಬೇರೆ, ಕಾರಣವೂ ಬೇರೆ. ಎಲ್ಲದರಲ್ಲೂ ಭಯ ಹುಟ್ಟಿಸುವುದು ಮಾತ್ರ ಒಂದೇ, ಉಸಿರಾಡುವ ಮತ್ತು ಕೆಮ್ಮುವ ಸ್ನಾಯುಗಳು ಸೋಲುವುದು. ಬೇರೆಯವರು ಮೂರು ದಿನದಲ್ಲಿ ಮರೆಯುವ ನೆಗಡಿ ಇವರನ್ನು ಐಸಿಯುವರೆಗೆ ಒಯ್ಯಬಹುದು. ಕಫ ಗಂಟಲಲ್ಲೇ ಉಳಿಯುತ್ತದೆ, ಅದನ್ನು ಹೊರಹಾಕುವಷ್ಟು ಕೆಮ್ಮು ಬರುವುದಿಲ್ಲ.

ಕೋವಿಡ್ ಎಂದರೆ ಆಕ್ಸಿಜನ್ ಎಂಬ ಮಾತು ಎಲ್ಲರ ಮನಸ್ಸಿನಲ್ಲೂ ಕೂತಿದೆ. 2021ರ ಮೇ ಮೊದಲ ವಾರ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಒಂದೇ ದಿನ 24 ರೋಗಿಗಳು ತೀರಿಕೊಂಡದ್ದನ್ನು ಕಂಡ ನಾಡಿನಲ್ಲಿ ಅದು ಸಹಜ. ಸ್ನಾಯುರೋಗದಲ್ಲಿ ತೊಂದರೆ ಇರುವ ಜಾಗವೇ ಬೇರೆ. ಕುಲುಮೆಯ ತಿದಿ ಒತ್ತುವ ಕೈ ಸೋತಾಗ ಇನ್ನಷ್ಟು ಇದ್ದಿಲು ಸುರಿದರೆ ಬೆಂಕಿ ಏಳುವುದಿಲ್ಲ. ಶ್ವಾಸಕೋಶ ನೆಟ್ಟಗಿದ್ದರೂ ಅದನ್ನು ಹಿಗ್ಗಿಸುವ ವಪೆ ಸೋತಿರುತ್ತದೆ; ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಆಗ ಬರೀ ಆಕ್ಸಿಜನ್ ಕೊಟ್ಟರೆ ಬೆರಳಿನ ಆಕ್ಸಿಮೀಟರ್ 97, 98 ತೋರಿಸುತ್ತದೆ. ಸುತ್ತ ನಿಂತವರಿಗೆ ಸಮಾಧಾನವಾಗುತ್ತದೆ, ಹಾಸಿಗೆಯ ಮೇಲಿರುವ ಹುಡುಗ ಮಂಪರಿಗೆ ಜಾರುತ್ತಿರುತ್ತಾನೆ. ಅವನಿಗೆ ಬೇಕಾದದ್ದು ಗಾಳಿಯನ್ನು ಒಳಕ್ಕೆ ತಳ್ಳುವ ಬೈಪ್ಯಾಪ್. ನ್ಯುಮೋನಿಯಾವೂ ಇದ್ದರೆ ಆಕ್ಸಿಜನ್ ಬೇಕೇ ಬೇಕು, ಆದರೆ ಬೈಪ್ಯಾಪ್ ಜೊತೆಗೆ, ರಕ್ತದ ಗ್ಯಾಸ್ ಪರೀಕ್ಷೆ ಮಾಡುತ್ತಾ.

ಎರಡನೇ ಅಲೆಯಲ್ಲಿ ನಮ್ಮ ನಗರದಲ್ಲಿ ಹಾಸಿಗೆ ಹಂಚಿದ ರೀತಿ ನೆನಪಿರಬಹುದು. ಸೋಂಕಿತರಿಗೆ ಕೊಡುವ ಬಿಯು ನಂಬರ್ ಬರಬೇಕು, 1912ಕ್ಕೆ ಕರೆ ಮಾಡಬೇಕು, ವಾರ್ ರೂಮಿನವರು ಆಕ್ಸಿಜನ್ ಮಟ್ಟ ಎಷ್ಟಿದೆ ಎಂದು ಕೇಳಿ ಜನರಲ್, ಎಚ್‌ಡಿಯು, ಐಸಿಯು, ವೆಂಟಿಲೇಟರ್ ಐಸಿಯು ಎಂದು ವಿಂಗಡಿಸಬೇಕು. ಹಗಲು ಮಾಮೂಲಿ ಉಸಿರಾಟ, ರಾತ್ರಿ ಬೈಪ್ಯಾಪ್, ಆಕ್ಸಿಜನ್ ಮಟ್ಟ 96: ಇಂಥವರು ಈ ನಾಲ್ಕರಲ್ಲಿ ಎಲ್ಲಿ ಸೇರುತ್ತಾರೆ? ಫೋನಿನಲ್ಲಿ ಹೇಳಿದ ಒಂದು ಅಂಕಿಯಿಂದ ಇವರ ಅಪಾಯ ಅಳೆಯಲು ಬರುವುದಿಲ್ಲ. ಮನೆಯ ಬೈಪ್ಯಾಪ್ ತಂದರೆ ವಾರ್ಡಿನಲ್ಲಿ ಸೋಂಕು ಹರಡುತ್ತದೆ ಎಂಬ ವೈದ್ಯರ ಆತಂಕ ನ್ಯಾಯವಾದದ್ದೇ. ರಂಧ್ರವಿಲ್ಲದ ಮಾಸ್ಕ್ ಹಾಕಿ, ಗಾಳಿ ಹೊರಬರುವ ಕಡೆ ವೈರಸ್ ಫಿಲ್ಟರ್ ಕೂರಿಸಿದರೆ ಆ ಅಪಾಯ ಬಹಳ ತಗ್ಗುತ್ತದೆ. ಆ ಮಾಸ್ಕ್, ಆ ಫಿಲ್ಟರ್ ಆಸ್ಪತ್ರೆಯಲ್ಲಿ ಮೊದಲೇ ಇರಬೇಕು, ಅಷ್ಟೇ.

ಯಂತ್ರಕ್ಕಿಂತ ನಮಗೆ ಮುಖ್ಯ ಅದನ್ನು ಬಲ್ಲ ಮನುಷ್ಯರು. ಬಹುತೇಕ ಮನೆಗಳಲ್ಲಿ ಅದು ಅಮ್ಮ, ಕೆಲವು ಕಡೆ ಅಪ್ಪ, ಹೆಂಡತಿ, ಅಣ್ಣ. ರಾತ್ರಿ ಎಷ್ಟು ಸಲ ಎದ್ದು ಮಗ್ಗುಲು ಬದಲಿಸಬೇಕು, ಮಾಸ್ಕಿನ ಪಟ್ಟಿ ಎಷ್ಟು ಬಿಗಿದರೆ ಮೂಗಿನ ಮೇಲೆ ಹುಣ್ಣಾಗುವುದಿಲ್ಲ, ಯಾವ ಕೋನದಲ್ಲಿ ಕೂರಿಸಿದರೆ ಗುಟುಕು ನೀರು ಗಂಟಲಿಗೆ ಸಿಕ್ಕಿಕೊಳ್ಳದೆ ಇಳಿಯುತ್ತದೆ, ಇದೆಲ್ಲ ಅವರ ಕೈಯಲ್ಲಿದೆ. ಕೈ ಎತ್ತಲಾಗದ ರೋಗಿ ನರ್ಸನ್ನು ಕರೆಯುವ ಗಂಟೆಯನ್ನು ಒತ್ತುವುದಾದರೂ ಹೇಗೆ? ಮಾಸ್ಕ್ ಜಾರಿದರೆ ಕೂಗಲೂ ದನಿ ಇರುವುದಿಲ್ಲ. ಪಿಪಿಇ ಕಿಟ್ ತೊಟ್ಟು ಹತ್ತಾರು ಹಾಸಿಗೆ ನೋಡುವ ಒಬ್ಬ ನರ್ಸ್ ಇದನ್ನೆಲ್ಲ ಮಾಡಲಿ ಎನ್ನುವುದು ಆ ನರ್ಸಿಗೂ ಅನ್ಯಾಯ. ಒಂದೇ ಮನೆಯಲ್ಲಿ ಇದ್ದು ಸೋಂಕಿಗೆ ಆಗಲೇ ಒಡ್ಡಿಕೊಂಡವರನ್ನು ಹೊರಗೆ ನಿಲ್ಲಿಸಿ ತಪ್ಪಿಸುವ ಸೋಂಕು ಎಷ್ಟು? ಅವರಿಗೂ ಕಿಟ್ ಕೊಡಿ, ನಿಯಮ ಹೇಳಿ, ಒಳಗೆ ಬಿಡಿ. ಇದು ಆಸ್ಪತ್ರೆಯವರ ಮರ್ಜಿಗೆ ಬಿಡುವ ವಿಷಯವಾಗಬಾರದು. ಲಿಖಿತ ಆದೇಶವೇ ಬೇಕು.

ಆ ಅಮ್ಮನಿಗೇ ಸೋಂಕು ತಗುಲಿದರೆ? ನಮ್ಮನ್ನು ಹೆಚ್ಚು ಹೆದರಿಸಿದ ಪ್ರಶ್ನೆ ಇದು. ಪ್ರತಿ ಮನೆಯಲ್ಲೂ ಇನ್ನೊಬ್ಬರು ಈ ಕೆಲಸ ಕಲಿತಿರಬೇಕು. ಚಿಕ್ಕಮ್ಮನ ಮಗನಿರಲಿ, ಪಕ್ಕದ ಮನೆಯವರಿರಲಿ. ಲಸಿಕೆ ಕೊಡುವಾಗ ರೋಗಿಯ ಜೊತೆಗೆ ಇವರನ್ನೂ ಮೊದಲ ಸಾಲಿನಲ್ಲಿ ನಿಲ್ಲಿಸಬೇಕು.

ಔಷಧಿಯ ವಿಷಯ ಚುಟುಕಾಗಿ, ಆದರೆ ಮರೆಯಬೇಡಿ. 2020ರ ಮಾರ್ಚ್‌ನಲ್ಲಿ ಐಸಿಎಂಆರ್ ಸೋಂಕಿತರ ಮನೆಯವರಿಗೂ ಮುನ್ನೆಚ್ಚರಿಕೆಗೆಂದು ಹೈಡ್ರಾಕ್ಸಿಕ್ಲೋರೊಕ್ವಿನ್ ಸೂಚಿಸಿತು. ಅಜಿತ್ರೊಮೈಸಿನ್ ಅಂತೂ ಮೆಡಿಕಲ್ ಶಾಪಿನಿಂದ ಮನೆಮನೆಗೆ ಬಂತು. ಇವೆರಡೂ ಮಯಸ್ತೇನಿಯಾವನ್ನು ಉಲ್ಬಣಗೊಳಿಸಬಲ್ಲವು. ಡುಷೆನ್ ಮಕ್ಕಳು ವರ್ಷಗಟ್ಟಲೆ ನುಂಗುವ ಸ್ಟೆರಾಯ್ಡನ್ನು ಜ್ವರ ಬಂತೆಂದು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಉಸಿರಾಟದ ಟ್ಯೂಬ್ ಹಾಕುವ ಮುನ್ನ ಕೊಡುವ ಸಕ್ಸಿನೈಲ್‌ಕೋಲಿನ್ ಈ ಮಕ್ಕಳ ಹೃದಯವನ್ನು ನಿಲ್ಲಿಸಬಲ್ಲದು.

ವೆಂಟಿಲೇಟರ್ ಕಡಿಮೆ ಬಿದ್ದಾಗ ಯಾರಿಗೆ ಕೊಡಬೇಕು ಎಂಬ ನಿರ್ಧಾರವೂ ಬರುತ್ತದೆ. 2020ರ ಮಾರ್ಚ್ 20ರಂದು ಬ್ರಿಟನ್ನಿನ ನೈಸ್ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ, ದಿನಚರಿಗೆ ಬೇರೆಯವರ ನೆರವು ಎಷ್ಟು ಬೇಕು ಎಂಬುದನ್ನು ಅಳೆಯುವ ಮಾಪಕವನ್ನು ಎಲ್ಲ ವಯಸ್ಕರಿಗೂ ಹಚ್ಚುವಂತಿತ್ತು. ಅಂಗವಿಕಲರ ಸಂಘಟನೆಗಳು ಎದ್ದುನಿಂತವು; ಐದೇ ದಿನದಲ್ಲಿ, 25ರಂದು, ಸ್ಥಿರವಾದ ದೀರ್ಘಕಾಲದ ವೈಕಲ್ಯವಿರುವವರಿಗೆ ಅದನ್ನು ಬಳಸಬಾರದು ಎಂದು ತಿದ್ದಬೇಕಾಯಿತು. ಗಾಲಿಕುರ್ಚಿಯಲ್ಲಿ ಬಂದರೆಂಬ ಕಾರಣಕ್ಕೆ ಯಾರನ್ನೂ ಸಾಲಿನ ಕೊನೆಗೆ ತಳ್ಳಬಾರದು ಎಂದು ನಮ್ಮಲ್ಲೂ ಬರೆದಿಡಬೇಕು, ಗದ್ದಲ ಶುರುವಾಗುವ ಮೊದಲೇ.

ನಾವು ದಯೆ ಬೇಡುತ್ತಿಲ್ಲ, ಕಾನೂನು ನಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಒಂದು. ಅದರ 8ನೇ ಕಲಮಿನ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರ ಇಟ್ಟಿರಬೇಕು, ಅಪಾಯ ಬಂದಾಗ ಅವರಿಗೆ ತಿಳಿಸಬೇಕು. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ, ಕೋವಿಡ್‌ಗೆ ಸುಮಾರು ಮೂರು ವರ್ಷ ಮೊದಲು. ಲಾಕ್‌ಡೌನ್ ಹೇರಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಈ ಜಿಲ್ಲಾ ಪ್ರಾಧಿಕಾರ ಹುಟ್ಟಿದ್ದೂ ಅದೇ ಕಾಯ್ದೆಯಿಂದ. ನಮ್ಮನ್ನು ಮನೆಯೊಳಗೆ ಕೂರಿಸುವ ಅಧಿಕಾರ ಕೊಟ್ಟ ಕಾನೂನು, ಮನೆಯೊಳಗೆ ಯಾರಿದ್ದಾರೆ ಎಂದು ತಿಳಿದುಕೊಳ್ಳುವ ಹೊಣೆಯನ್ನೂ ಹೊರಬೇಕು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದಿವೆ. ಹೊಸ ಕಡತ ತೆರೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ವಿಕಲಚೇತನರ ಯುಡಿಐಡಿ ಕಾರ್ಡಿನ ಮಾಹಿತಿ ಸರ್ಕಾರದ ಬಳಿಯೇ ಇದೆ, ವಾರ್ಡುಗಳಲ್ಲಿ ಸರ್ಕಾರದ ನಮ್ಮ ಕ್ಲಿನಿಕ್‌ಗಳಿವೆ, ಆಶಾ ಕಾರ್ಯಕರ್ತೆಯರಿಗೆ ಬೀದಿ ಬೀದಿ ಗೊತ್ತು. ಒಪ್ಪಿಗೆ ಪಡೆದು, ಗೋಪ್ಯ ಕಾಯ್ದು, ಮನೆಯಲ್ಲಿ ಬೈಪ್ಯಾಪ್ ಅಥವಾ ವೆಂಟಿಲೇಟರ್ ಇದೆಯೇ ಎಂಬುದನ್ನೂ ಸೇರಿಸಿ ಪಟ್ಟಿ ಮಾಡಲಿ. ವಿದ್ಯುತ್ ಕಂಪನಿ ಬೆಸ್ಕಾಂಗೂ ಆ ಮನೆಗಳು ಗೊತ್ತಿರಬೇಕು. ಮೇ ತಿಂಗಳ ಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುವುದು ಜಯನಗರಕ್ಕೆ ಹೊಸದಲ್ಲ. ಯಂತ್ರದಿಂದ ಉಸಿರಾಡುವವರಿಗೆ ಆ ರಾತ್ರಿ ಬಹಳ ದೀರ್ಘ.

ಪರಿಣತಿಗೆ ನಮ್ಮ ಭಾಗದಲ್ಲಿ ಬಡತನವಿಲ್ಲ. ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಸಂಜಯ್ ಗಾಂಧಿ ಆಸ್ಪತ್ರೆ, ನಾಲ್ಕೂ ಹೊಸೂರು ರಸ್ತೆಗೂ ಜಯನಗರಕ್ಕೂ ನಡುವೆ ಒಂದರ ಪಕ್ಕ ಒಂದಿವೆ. ಗಾಲಿಕುರ್ಚಿ, ಬೆಲ್ಟು, ಕ್ಯಾಲಿಪರ್ ಮಾಡಿಕೊಡುವ ಮೊಬಿಲಿಟಿ ಇಂಡಿಯಾ ಜೆ.ಪಿ. ನಗರದಲ್ಲೇ ಇದೆ. ರಾತ್ರಿ ಎರಡು ಗಂಟೆಗೆ ಬಡಾವಣೆಯ ಚಿಕ್ಕ ಆಸ್ಪತ್ರೆಯ ಡ್ಯೂಟಿ ಡಾಕ್ಟರು ಫೋನ್ ಮಾಡಿ ಸ್ನಾಯುರೋಗ ಬಲ್ಲ ವೈದ್ಯರನ್ನು ಕೇಳಲು ಒಂದು ನಂಬರ್ ಬೇಕು. 2020ರ ಮಾರ್ಚ್ 25ರಂದು, ದೇಶಕ್ಕೆ ಬೀಗ ಬಿದ್ದ ದಿನವೇ, ಟೆಲಿಮೆಡಿಸಿನ್ ನಿಯಮಗಳು ಹೊರಬಂದವು. ದಾರಿ ಆಗಲೇ ಇದೆ, ಅದರಲ್ಲಿ ನಡೆಯಬೇಕಷ್ಟೇ.

ಅಪಾರ್ಟ್‌ಮೆಂಟ್ ಸಂಘಗಳಿಗೆ ಒಂದು ಮಾತು. 2020ರಲ್ಲಿ ಎಷ್ಟೋ ಕಡೆ ಹೊರಗಿನವರಿಗೆ ಗೇಟು ಮುಚ್ಚಿತು. ಫಿಸಿಯೋಥೆರಪಿಯವರೂ, ಮೈ ಒರೆಸಿ ಎತ್ತಿ ಕೂರಿಸುವ ಸಹಾಯಕರೂ ಹೊರಗೇ ಉಳಿದರು. ವ್ಯಾಯಾಮ ನಿಂತ ತಿಂಗಳುಗಳಲ್ಲಿ ಸೆಟೆದುಕೊಂಡ ಕೀಲು ಮತ್ತೆ ಮೊದಲಿನಂತೆ ಬಿಡಿಸಿಕೊಳ್ಳುವುದಿಲ್ಲ. ಇವರಿಗೆ ಪಾಸ್ ಕೊಡುತ್ತೇವೆ ಎಂದು ನಿಮ್ಮ ಮುಂದಿನ ಸಭೆಯಲ್ಲೇ ಬರೆದುಕೊಳ್ಳಿ.

ಸ್ನಾಯುರೋಗವಿರುವ ಮನೆಯವರು ಇಂದೇ ಎರಡು ಕೆಲಸ ಮಾಡಬಹುದು. ರೋಗಿ ಆರೋಗ್ಯವಾಗಿರುವಾಗ ದೀರ್ಘ ಉಸಿರೆಳೆದು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂದು ನೋಡಿ ಬರೆದಿಡಿ. ಆರೋಗ್ಯವಂತರು 50ರ ಆಸುಪಾಸು ಎಣಿಸುತ್ತಾರೆ. ಕಾಯಿಲೆ ಬಿದ್ದಾಗ ಅವರದೇ ಹಳೆಯ ಎಣಿಕೆಗಿಂತ ಬಹಳ ಕುಸಿದರೆ, ಅಥವಾ 15ರ ಹತ್ತಿರ ಬಂದರೆ, ಆಕ್ಸಿಮೀಟರ್ ಏನೇ ಹೇಳಲಿ ಆಸ್ಪತ್ರೆಗೆ ಹೊರಡಿ. ಇನ್ನೊಂದು, ನಿಮ್ಮ ನರರೋಗ ವೈದ್ಯರಿಂದ ಒಂದೇ ಪುಟದ ಪತ್ರ ಬರೆಸಿಕೊಳ್ಳಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ರೋಗದ ಹೆಸರು, ಬೈಪ್ಯಾಪ್‌ನ ಅಳತೆ, ಸ್ಟೆರಾಯ್ಡ್ ಪ್ರಮಾಣ, ಕೊಡಬಾರದ ಔಷಧಿಗಳು, ಬೈಪ್ಯಾಪ್ ಇಲ್ಲದೆ ಬರೀ ಆಕ್ಸಿಜನ್ ಬೇಡ ಎಂಬ ಮಾತು, ಜೊತೆಗಿರಲೇಬೇಕಾದವರ ಹೆಸರು, ವೈದ್ಯರ ಫೋನ್ ನಂಬರ್ ಅದರಲ್ಲಿರಲಿ. ಒಂದು ಪ್ರತಿ ಯಂತ್ರದ ಚೀಲದಲ್ಲಿ, ಒಂದು ಪಕ್ಕದ ಮನೆಯಲ್ಲಿ, ಒಂದು ನಿಮ್ಮ ವಾರ್ಡಿನ ನಮ್ಮ ಕ್ಲಿನಿಕ್‌ನಲ್ಲಿರಲಿ. ಕ್ಲಿನಿಕ್‌ಗೆ ಕೊಟ್ಟದ್ದಕ್ಕೆ ಸಹಿ, ಮೊಹರು ಹಾಕಿಸಿಕೊಂಡು ಬನ್ನಿ.